ಅಣ್ಣ ಆರಿಸಿದ ಬ್ರೇಕ್ ಪ್ಯಾಡು

ಅಣ್ಣ ಮಂದಿಯ ಮುಂದೆ ನನಗೆ ಒಂದೇ ಒಂದು ಪ್ರಶ್ನೆ ಕೇಳಿದ್ದ. ಹೌದು ಅಂದಿದ್ದರೆ ಅವನ ಹೆಸರು ಉಳಿಯುತ್ತಿತ್ತು. ನಾನು ಇಲ್ಲ ಅಂದೆ. ಆಮೇಲೆ ಅವನು ಆರು ವರ್ಷ ಬದುಕಿದ್ದ. ಒಂದೇ ಮನೆಯಲ್ಲಿ ಉಂಡೆವು, ಮಲಗಿದೆವು. ಆ ಆರು ವರ್ಷದಲ್ಲಿ ಒಂದು ದಿನವೂ ನಾನು ಆ ಸುಳ್ಳನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಹೋದ ತಿಂಗಳು ವೈನಿ, ಅಂದರೆ ಅಣ್ಣನ ಹೆಂಡತಿ, ಗಾಣದಿಂದ ಒಂದು ಡಬ್ಬಿ ಕುಸುಬಿ ಎಣ್ಣೆ ತಂದಳು. ಈಗ ನಾವಿಬ್ಬರೇ ಬನಹಟ್ಟಿಯಲ್ಲಿ ಒಂದು ಕೋಣೆಯಲ್ಲಿ ಇರುತ್ತೇವೆ, ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇವೆ. ಕುಸುಬಿ ಎಣ್ಣೆಯನ್ನು ಮನೆಯಿಂದ ಬಿಡಿಸಿದವಳು ನಾನೇ. ಪಿತ್ತ ಆಗುತ್ತದೆ ಅಂತ ನೆವ ಹೇಳಿದ್ದೆ. ವೈನಿ ಅದನ್ನು ಮರೆತು ತಂದಿದ್ದಳು. ಡಬ್ಬಿಯ ಮುಚ್ಚಳ ತೆಗೆದಳು, ವಾಸನೆ ಕೋಣೆಯ ತುಂಬ ಬಂತು… ನನ್ನ ಕೈಯ ನೂಲು ಹರಿಯಿತು. ಮತ್ತೆ ಗಂಟು ಹಾಕಲು ಆಗಲಿಲ್ಲ.

ನಮ್ಮದು ಬೀಳಗಿ ತಾಲೂಕು, ಕೃಷ್ಣೆಯ ದಂಡೆ. ಅಪ್ಪನಿಗೆ ಕುರಿ ಇದ್ದವು, ಒಂದಿಷ್ಟು ಎರೆಹೊಲ ಇತ್ತು. ಆಣೆಕಟ್ಟಿನ ಹಿನ್ನೀರು ಬಂದು ಊರು ಹೋಯಿತು. ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಲು ಜಾಗ ಕೊಟ್ಟರು, ಕುರಿ ಮೇಯಲು ಎಲ್ಲಿಯ ಜಾಗ? ಅಪ್ಪ ಹಿಂಡು ಮಾರಿದ. ಅಣ್ಣ ಜಮಖಂಡಿಗೆ ಹೋಗಿ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತ. ಕೆಲವು ವರ್ಷಗಳ ಮೇಲೆ ಮುಧೋಳ ರಸ್ತೆಯಲ್ಲಿ ತನ್ನದೇ ತಗಡಿನ ಶೆಡ್ ಹಾಕಿಕೊಂಡ. ನಾನು ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು. ನನ್ನನ್ನು ರನ್ನ ಬೆಳಗಲಿ ಅನ್ನುವ ಊರಿಗೆ ಕೊಟ್ಟಿದ್ದರು. ಮೂವತ್ತು ವರ್ಷದವಳಿದ್ದಾಗ ಗಂಡ ಇನ್ನೊಬ್ಬಳನ್ನು ಕರಕೊಂಡು ಬಂದ. ಸುದ್ದಿ ಕೇಳಿ ಅಣ್ಣ ಬಂದ. ಯಾರ ಜೊತೆಯೂ ಜಗಳ ತೆಗೆಯಲಿಲ್ಲ. ನನ್ನ ಟ್ರಂಕನ್ನು ಹೆಗಲ ಮೇಲೆ ಇಟ್ಟುಕೊಂಡು ಬಸ್ಸಿನ ಕಡೆ ನಡೆದ. ಹಾದಿಯಲ್ಲಿ ಒಂದೇ ಮಾತು ಆಡಿದ.

“ಇಷ್ಟ ವಜ್ಜಿ ಐತಲ್ಲ ತಂಗೆವ್ವ, ಬೀಸೂಕಲ್ಲ ಇಟ್ಕೊಂಡ ಬಂದೀಯೇನ?”

ಅಳುತ್ತಿದ್ದವಳು ನಕ್ಕುಬಿಟ್ಟೆ.

ಶೆಡ್ಡಿನ ಹಿಂದೆಯೇ ಮನೆ. ಅಡುಗೆಮನೆಯ ಬಾಗಿಲು ಶೆಡ್ಡಿಗೆ ತೆರೆಯುತ್ತಿತ್ತು. ಪಲ್ಲೆ ಸೋಸುತ್ತ, ಜೋಳ ಹಸನು ಮಾಡುತ್ತ ನಾನು ಆ ಹೊಸ್ತಿಲ ಮೇಲೆ ಕೂತು ಅವನ ಕೆಲಸ ನೋಡುತ್ತಿದ್ದೆ. ಇಂಜಿನ್ ಕೆಲಸ ಎಲ್ಲ ಮಿಸ್ತ್ರಿಗಳೂ ಮಾಡುತ್ತಿದ್ದರು. ಬ್ರೇಕಿನ ಕೆಲಸ ಅಂದರೆ ಜಮಖಂಡಿಯಲ್ಲಿ ಅಣ್ಣ. ಮುಧೋಳ, ತೇರದಾಳದಿಂದಲೂ ಗಾಡಿ ಬರುತ್ತಿದ್ದವು. ಪೆಡಲಿನ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ, ನಿಧಾನ ಒತ್ತಿ, ಯಾವ ಗಾಲಿಯಲ್ಲಿ ಏನಾಗಿದೆ ಅಂತ ಹೇಳುತ್ತಿದ್ದ.

ಮಹಾಲಿಂಗಪುರದಲ್ಲಿ ಬೆಲ್ಲದ ಅಡತಿ ಅಂಗಡಿ ಇಟ್ಟಿದ್ದ ಒಬ್ಬ ಸಾಹುಕಾರನಿದ್ದ, ಅಣ್ಣನಿಗಿಂತ ಸಣ್ಣವನು. ಅವನು ಪುಣೆಯಿಂದ ಒಂದು ಹಳೆಯ ಓಟದ ಕಾರು ತಂದಿದ್ದ. ಕೆಂಪು ಬಣ್ಣ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಗಾಲಿಯ ಕಡ್ಡಿಗಳ ನಡುವೆ ಬ್ರೇಕಿನ ಪ್ಯಾಡು ಕಚ್ಚಿ ಹಿಡಿಯುವ ಡಿಸ್ಕ್ ಒಳಗೆ ತಾಟಿನ ಹಾಗೆ ಕಾಣುತ್ತಿತ್ತು. ವರ್ಷಕ್ಕೆ ಒಂದೆರಡು ಸಲ ಕೊಲ್ಲಾಪುರದ ಕಡೆ ರೇಸಿಗೆ ಒಯ್ಯುತ್ತಿದ್ದ. ಉಳಿದ ದಿನ ನಮ್ಮ ರಸ್ತೆಯಲ್ಲೇ ಓಡಿಸುತ್ತಿದ್ದ. ದಸರೆಯ ಮುಂದೆ ಒಂದು ದಿನ ಕಾರು ತಂದು ನಿಲ್ಲಿಸಿದ. ಹಿಂದಿನ ರೇಸಿನಲ್ಲಿ ಬ್ರೇಕ್ ಕಾದು ಹಿಡಿತ ಬಿಟ್ಟಿತ್ತಂತೆ. ಪುಣೆಯ ಗೆಳೆಯ ಕಳಿಸಿದ ಒಂದು ಡಬ್ಬಿ ಅಣ್ಣನ ಕೈಗೆ ಕೊಟ್ಟ.

“ಇವನ್ನ ಹಾಕ ಮಿಸ್ತ್ರಿ. ಖಾಸ ರೇಸಿನ ಪ್ಯಾಡ್. ಕೆಂಡ ಆದ್ರೂ ಹಿಡಿತಾವು.”

“ಕೆಂಡ ಆದ ಮ್ಯಾಲ ಹಿಡಿತಾವ್ರಿ. ಕೆಂಡ ಆಗೂತನಕ?”

“ಅಂದ್ರ?”

“ತಣ್ಣಗಿದ್ದಾಗ ಇವು ಕಲ್ಲ ಇದ್ದಂಗ ಸಾವ್ಕಾರ್ರ. ನಿಮ್ಮ ಅಡತಿ ಮುಂದ ಎಮ್ಮಿ ಅಡ್ಡ ಬಂತಂದ್ರ, ತಡಿ ಎಮ್ಮಿ, ನನ್ನ ಪ್ಯಾಡ್ ಕಾಯಲಿ ಅಂತೀರೇನು?”

ಸಾಹುಕಾರ ನಕ್ಕ. ಆದರೂ ಮನಸ್ಸು ಒಪ್ಪಲಿಲ್ಲ. ಅಣ್ಣ ಗೋಣಿಚೀಲ ಹಾಸಿ ಅದರ ಮೇಲೆ ಮೂರು ತರದ ಪ್ಯಾಡು ಇಟ್ಟ. ಮೊದಲನೆಯದು ಕಾರಿನಿಂದ ಬಿಚ್ಚಿದ್ದು, ಮೆತ್ತನೆಯದು. ಊರೊಳಗೆ ಸದ್ದಿಲ್ಲದೆ ನಿಲ್ಲಿಸುತ್ತದೆ, ಜಾಸ್ತಿ ಕಾದರೆ ಸೋಲುತ್ತದೆ. ಎರಡನೆಯದು ಸಾಹುಕಾರ ತಂದ ರೇಸಿನ ಪ್ಯಾಡು. ಮೂರನೆಯದನ್ನು ಅಣ್ಣ ಕೊಲ್ಲಾಪುರದಿಂದ ತರಿಸಿದ್ದ. ಅದು ಅವೆರಡರ ನಡುವಿನದು.

“ಇದು ತಣ್ಣಗಿದ್ರೂ ಹಿಡಿತೈತಿ, ಕಾದ್ರೂ ಕೈ ಬಿಡಂಗಿಲ್ಲ. ನೀವು ವರ್ಷಪೂರ್ತಿ ಓಡ್ಸೂದು ಕಬ್ಬಿನ ಟ್ರ್ಯಾಕ್ಟರ್ ಬೆನ್ನಿಗಿ. ರೇಸಿಗಿ ಹೋಗೂ ದಿನಾ ನಿಮ್ಮವನ್ನ ನಾನ ಹಾಕಿ ಕೊಡ್ತೇನಿ, ಬಂದ ಮ್ಯಾಲ ನಾನ ಬಿಚ್ಚತೇನಿ.”

“ನಾಳಿ ಹೆಚ್ಚ ಕಡಿಮಿ ಆದ್ರ?”

“ನನ್ನ ಹೆಸರ ಹೇಳ್ರಿ ಊರಾಗ.”

ಅಷ್ಟು ನಂಬಿಕೆಯಿಂದ ಅಂದ. ಸಾಹುಕಾರ ಕೀಲಿ ಕೊಟ್ಟು ಹೋದ.

ಡಿಸ್ಕುಗಳೂ ಸವೆದಿದ್ದವು, ಮುಂದಿನ ಎರಡೂ ಹೊಸವು ಬಂದವು. ಡಬ್ಬಿ ಬಿಚ್ಚಿದಾಗ ಅವುಗಳ ಮೈಗೆ ಎಣ್ಣೆ ಸವರಿತ್ತು. ಕಂಪನಿಯವರೇ ತುಕ್ಕು ಹಿಡಿಯಬಾರದೆಂದು ಹಚ್ಚಿ ಕಳಿಸುತ್ತಾರೆ ಅಂತ ಅಣ್ಣ ಹೇಳಿದ. ಆಮೇಲೆ ಅದನ್ನು ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ಎರಡೆರಡು ಸಲ ಒರೆಸಿದ. ಹಳೆಯ ಎಣ್ಣೆ, ಧೂಳು ಹಿಡಿದಿರಬೇಕು, ಅದಕ್ಕೇ ತೆಗೆಯುತ್ತಿದ್ದಾನೆ ಅಂದುಕೊಂಡೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ದರೆ… ಅವನು ಕೆಲಸ ನಿಲ್ಲಿಸಿ, ಕೂತು, ಹೇಳುತ್ತಿದ್ದ. ಹೇಳುವುದಕ್ಕೆ ಅವನು ಎಂದೂ ಬೇಸರ ಮಾಡಿಕೊಂಡವನಲ್ಲ.

ಗಾಲಿ ಬಿಚ್ಚಿ, ಪಿಸ್ಟನ್ನನ್ನು ನಿಧಾನ ಹಿಂದಕ್ಕೆ ಒತ್ತಿ, ಕೈಯನ್ನು ಸಬಕಾರದಿಂದ ತೊಳೆದುಕೊಂಡು ಬಂದು, ಹೊಸ ಪ್ಯಾಡುಗಳನ್ನು ಅಂಚಿನಲ್ಲಿ ಹಿಡಿದು ಕೂಡಿಸಿದ. ಎಳೆಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಮಾಡುತ್ತಿದ್ದ. ಆಮೇಲೆ ಪೆಡಲು ಗಟ್ಟಿಯಾಗುವ ತನಕ ಒತ್ತಿದ. ಕೆಲಸ ಮುಗಿಯಿತು ಅಂದುಕೊಂಡೆ.

“ಬಾ, ಕೂಡ ಬಾ. ಒಂದ ಸುತ್ತ ಹೋಗೂನು,” ಅಂದ.

ಜೀವಮಾನದಲ್ಲಿ ಅಂಥ ಕಾರಿನಲ್ಲಿ ನಾನು ಕೂತದ್ದು ಅದೊಂದೇ ಸಲ. ಮುಧೋಳ ರಸ್ತೆಯ ಖುಲ್ಲಾ ಜಾಗದಲ್ಲಿ ಜೋರು ಓಡಿಸುತ್ತಿದ್ದ, ಬ್ರೇಕ್ ಒತ್ತಿ ವೇಗ ಇಳಿಸುತ್ತಿದ್ದ, ಪೂರ್ತಿ ನಿಲ್ಲುವ ಮುಂಚೆ ಮತ್ತೆ ಓಡಿಸುತ್ತಿದ್ದ. ಹೀಗೆ ಹತ್ತು ಸಲ. ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ.

“ಏನ ಜೋಲಿ ಹೊಡಸ್ತೀಯೋ ಅಣ್ಣಾ, ಉಂಡ ರೊಟ್ಟಿ ಬಾಯಿಗಿ ಬಂದ್ವು!”

“ತಡಿಯಬೇ. ಪ್ಯಾಡಿನ ಮೈ ಡಿಸ್ಕಿಗಿ ಹತ್ತಿ ಕೂಡಬೇಕು. ಅಲ್ಲಿತನಾ ಹೊಸಾ ಪ್ಯಾಡ್ ಅಂದ್ರ ಪ್ಯಾಡ್ ಅಲ್ಲ.”

ಬರುವಾಗ ಬ್ರೇಕ್ ಮುಟ್ಟದೆ, ಗಾಳಿಗೆ ಆರಲಿ ಅಂತ ಮೆಲ್ಲಗೆ ತಂದ. ಎರಡೂ ಕಡೆ ಕಬ್ಬು ಎದೆಯುದ್ದ ನಿಂತಿತ್ತು. ಅವನು ಏನೋ ಹಾಡಿಕೊಳ್ಳುತ್ತಿದ್ದ… ಯಾವ ಹಾಡು ಅಂತ ಈಗ ನೆನಪಾಗುವುದಿಲ್ಲ.

ಸಂಜೆ ಪೈಪು ಹಿಡಿದು ಕಾರು ತೊಳೆದ. ಮಾರನೆಯ ದಿನ ಖಂಡೆ ಪೂಜೆ, ದಸರೆಯ ಆಯುಧ ಪೂಜೆ. ಪೂಜೆ ಮುಗಿಸಿಕೊಂಡೇ ಕಾರು ಒಯ್ಯುತ್ತೇನೆ ಅಂತ ಸಾಹುಕಾರ ಹೇಳಿದ್ದ.

ನಮ್ಮ ಅಪ್ಪನ ಮನೆಯಲ್ಲಿ ಖಂಡೆ ಪೂಜೆಯ ದಿನ ಕಬ್ಬಿಣ ಅನ್ನುವುದೆಲ್ಲ ಅಂಗಳಕ್ಕೆ ಬರುತ್ತಿತ್ತು. ಕುಡಗೋಲು, ಕೊಡಲಿ, ಕುರುಪಿ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿ. ಬೂದಿ ಹಚ್ಚಿ ತಿಕ್ಕಿ, ತೊಳೆದು, ಕುಸುಬಿ ಎಣ್ಣೆ ಸವರಿ, ಬೀರೇಶ್ವರನ ಭಂಡಾರ, ಅಂದರೆ ಪೂಜೆಯ ಅರಿಶಿನ, ಇಡುವುದು ಹೆಣ್ಣುಮಕ್ಕಳ ಕೆಲಸ. ಅವ್ವ ಒಂದು ಮಾತು ಹೇಳುತ್ತಿದ್ದಳು: ಹಬ್ಬದ ದಿನ ಕಬ್ಬಿಣ ಒಣಗಿದ ಮೈಯಲ್ಲಿ ಇರಬಾರದು. ಅವ್ವ ಹೋದ ಮೇಲೆ ಅದನ್ನು ನಾನೇ ನಡೆಸಿಕೊಂಡು ಬಂದಿದ್ದೆ. ಅಣ್ಣನ ನಟ್ಟು ಬಿಚ್ಚುವ ಪಾನಾ, ಸುತ್ತಿಗೆ, ಜ್ಯಾಕು, ಎಲ್ಲದಕ್ಕೂ ಪ್ರತಿ ವರ್ಷ ಎಣ್ಣೆ ಸವರಿ ಇಡುತ್ತಿದ್ದವಳು ನಾನು.

ಆ ಮುಂಜಾನೆ ಅಣ್ಣ ಹೂವು, ಬೂದಗುಂಬಳಕಾಯಿ ತರಲು ಪೇಟೆಗೆ ಹೋಗಿದ್ದ. ವೈನಿ ಒಳಗೆ ಹೋಳಿಗೆಯ ಕೆಲಸದಲ್ಲಿದ್ದಳು. ನಾನು ಕಾರಿನ ಮುಂದೆ ರಂಗೋಲಿ ಹಾಕಿ ತಲೆ ಎತ್ತಿದೆ. ಗಾಲಿಯ ಕಡ್ಡಿಗಳ ನಡುವೆ ಆ ಹೊಸ ಡಿಸ್ಕು ಕಾಣಿಸಿತು. ನಿನ್ನೆ ಬೆಳ್ಳಿಯ ಹಾಗಿದ್ದದ್ದು ರಾತ್ರಿ ಕಳೆಯುವುದರಲ್ಲಿ ತುಕ್ಕು ಹಿಡಿದು ಕೆಂಪಗಾಗಿತ್ತು. ನೀರು ಬಿದ್ದ ಡಿಸ್ಕು ಹಾಗೆ ಆಗಿಯೇ ಆಗುತ್ತದೆ, ಒಂದು ಸಲ ಬ್ರೇಕ್ ಒತ್ತಿದರೆ ತಾನೇ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಸಾಹುಕಾರ ಬಂದು ನೋಡಿದರೆ ಅಣ್ಣನಿಗೆ ಏನಂದಾನು ಅನ್ನಿಸಿತು. ಕಂಪನಿಯವರೇ ಎಣ್ಣೆ ಹಚ್ಚಿ ಕಳಿಸಿದ್ದು ನೆನಪಾಯಿತು.

ಹಳೆಯ ಅರಿವೆ ತೊಗೊಂಡು ಕುಸುಬಿ ಎಣ್ಣೆಯಲ್ಲಿ ಅದ್ದಿದೆ. ಕಡ್ಡಿಗಳ ನಡುವೆ ಕೈ ತೂರಿಸಿ ಎರಡೂ ಡಿಸ್ಕಿಗೆ ಚೆನ್ನಾಗಿ ಸವರಿದೆ. ಕೆಂಪು ಹೋಗಿ ಮತ್ತೆ ಮಿಂಚತೊಡಗಿತು. ಒಂದೊಂದು ಚಿಟಿಕೆ ಭಂಡಾರ ಹಚ್ಚಿದೆ. ಕೈ ಮುಗಿದೆ.

ಅಣ್ಣ ಬರುವ ಹೊತ್ತಿಗೆ ಸಾಹುಕಾರನೂ ಅವಸರ ಮಾಡುತ್ತ ಬಂದ. ಕಾರಿಗೆ ಹಾರ ಹಾಕಿದರು, ಕುಂಬಳಕಾಯಿ ಒಡೆದರು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಅಣ್ಣ ಗಾಲಿಯ ಕಡೆ ಬಗ್ಗಿ ನೋಡಲಿಲ್ಲ. ಯಾಕೆ ನೋಡಬೇಕು? ಅವನ ಕೆಲಸ ಅವನು ಮುಗಿಸಿ ಆಗಿತ್ತು. ಕಾರು ಮೆಲ್ಲಗೆ ರಸ್ತೆಗೆ ಇಳಿದು ಹೋಯಿತು.

ಒಂದು ತಾಸಿನೊಳಗೆ ಸುದ್ದಿ ಬಂತು. ಊರ ಹೊರಗಿನ ಇಳಿಜಾರಿನಲ್ಲಿ ಎದುರಿಗೆ ಚಕ್ಕಡಿ ಬಂದಿದೆ. ಸಾಹುಕಾರ ಬ್ರೇಕ್ ಒತ್ತಿದ್ದಾನೆ, ಹಿಡಿಯಲಿಲ್ಲ. ಚಕ್ಕಡಿ ತಪ್ಪಿಸಲು ಹೋಗಿ ಹಳ್ಳದ ಸೇತುವೆಯ ಕಟ್ಟೆಗೆ ಹೊಡೆದಿದ್ದಾನೆ. ಜೀವ ಉಳಿಯಿತು. ಬಲಗಾಲಿನ ಮೊಣಕಾಲು ಚೂರಾಯಿತು, ಮತ್ತೆ ಮಡಚಲು ಬರಲಿಲ್ಲ.

ಮೂರನೆಯ ದಿನ ಕಾರನ್ನು ಎಳೆದು ತಂದು ಶೆಡ್ಡಿನ ಮುಂದೆ ಹಾಕಿದರು. ಸಾಹುಕಾರನ ಕಾಕಾ ಬಂದಿದ್ದ, ಸುತ್ತಲಿನ ಅಂಗಡಿಯವರು ನೆರೆದಿದ್ದರು. ನಾನು ಹೊಸ್ತಿಲಲ್ಲಿ ನಿಂತಿದ್ದೆ.

“ರೇಸಿನ ಪ್ಯಾಡ್ ಹಾಕ ಅಂದ್ರ ನಿನ್ನ ಶ್ಯಾಣೇತನಾ ತೋರ್ಸಿದಿ. ಬಿಚ್ಚಿ ತೋರ್ಸಲೇ ಮಿಸ್ತ್ರಿ, ಎಂಥಾವ ಹಾಕೀದಿ,” ಅಂದ ಕಾಕಾ.

ಅಣ್ಣ ಗಾಲಿ ಬಿಚ್ಚಿದ. ಪ್ಯಾಡು ತೆಗೆದ. ಅದರ ಮೈ ಕರ್ರಗೆ ಜಿಡ್ಡು ಕುಡಿದು ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಒಂದು ಸಲ ಸವರಿದ. ಮೂಗಿನ ಹತ್ತಿರ ಒಯ್ದು ಮೂಸಿದ. ಕುಸುಬಿ ಎಣ್ಣೆ ಹೊಟ್ಟೆಗೆ ತಿಂದು ಬೆಳೆದವನಿಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೇ? ಕೂತಲ್ಲಿಂದಲೇ ತಿರುಗಿ ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ. ನನಗೆ ಮಾತಾಡಲು ಹಾದಿ ಬಿಟ್ಟುಕೊಟ್ಟಂತೆ ಕೇಳಿದ.

“ತಂಗೆವ್ವ, ಹಬ್ಬದ ದಿನಾ ಗಾಡಿ ಪೂಜಿ ಮಾಡಿದ್ಯಲ್ಲ. ಗಾಲಿ ಒಳಗ ಎಣ್ಣಿ ಗಿಣ್ಣಿ ಹಚ್ಚಿದ್ದೇನು?”

ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು, ನಾನು ಹಚ್ಚಿದ ಎಣ್ಣೆಗೇ ಬ್ರೇಕ್ ಜಾರಿತ್ತು. ಹಬ್ಬದ ಹಿಂದಿನ ವಾರ ವೈನಿ ಅವನಿಗೆ ಹೇಳಿದ್ದು ನನ್ನ ಕಿವಿಯಲ್ಲಿತ್ತು, “ದಸರಾ ಆದ ಮ್ಯಾಲ ಆಕಿನ ಗಂಡನ ಮನಿಗಿ ಬಿಟ್ಟ ಬರ್ರಿ.” ಆ ಮನೆಗೆ ತಿರುಗಿ ಹೋಗುವುದಕ್ಕಿಂತ ಬಾವಿ ವಾಸಿ ಅನ್ನುವ ದಿನಗಳು ಅವು. ಸಾಹುಕಾರನ ಕಾಲು ಮುರಿದವಳು ನಾನು ಅಂತ ಗೊತ್ತಾದರೆ ಯಾರು ಇಟ್ಟುಕೊಂಡಾರು? ಇದು ನೆವ ಅಲ್ಲ. ಆಗ ತಲೆಯಲ್ಲಿ ಓಡಿದ್ದು ಇಷ್ಟು. ನಾನು ಸಣ್ಣ ಹುಡುಗಿಯೂ ಅಲ್ಲ, ತಿಳಿವಳಿಕೆ ಇದ್ದ ಹೆಂಗಸು.

“ಇಲ್ಲಣ್ಣ. ಬರೇ ಭಂಡಾರ ಹಚ್ಚೇನಿ,” ಅಂದೆ.

ಅಣ್ಣ “ಆತು,” ಅಂದ. ಎದ್ದು ನಿಂತು ಕಾಕಾನ ಮುಂದೆ ಕೈ ಮುಗಿದ.

“ತಪ್ಪ ನಂದ ಐತ್ರಿ. ಹಾಕೂ ಮುಂದ ನನ್ನ ಕೈಯಾಗಿನ ಜಿಡ್ಡ ಹತ್ತೇತಿ.”

ಇಪ್ಪತ್ತು ವರ್ಷ ಕೈ ತೊಳೆದುಕೊಂಡೇ ಪ್ಯಾಡು ಮುಟ್ಟಿದವನು ಅಂದ ಮಾತು ಅದು.

ಪೊಲೀಸರ ತನಕ ಹೋಗಲಿಲ್ಲ. ಸಾಹುಕಾರ ಹಾಸಿಗೆಯ ಮೇಲೆ ಮಲಗಿ ಬಂದವರಿಗೆಲ್ಲ ಅಣ್ಣನ ಹೆಸರು ಹೇಳಿದ. ಆ ಮಿಸ್ತ್ರಿಯ ಕೈಗೆ ಗಾಡಿ ಕೊಡಬೇಡಿ ಅಂದ. ಮೊದಲು ಕಾರು ಬರುವುದು ನಿಂತಿತು, ಆಮೇಲೆ ಜೀಪು, ಟೆಂಪೋ. ಯುಗಾದಿ ಕಳೆಯುವುದರಲ್ಲಿ ಶೆಡ್ ಮುಚ್ಚಿದ. ಬಾಡಗಂಡಿಯ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ರಿಪೇರಿಗೆ ಆಳಾಗಿ ಸೇರಿಕೊಂಡ. ದಿನವಿಡೀ ಟ್ರಾಲಿಗಳ ಗಾಲಿಗೆ ಗ್ರೀಸ್ ತುಂಬುವ ಕೆಲಸ. ಅವನ ಕೈಗೆ ಬರುತ್ತಿದ್ದ ಟ್ರಾಲಿಗಳಿಗೆ ಬ್ರೇಕೇ ಇರುತ್ತಿರಲಿಲ್ಲ. “ಚಲೋ ಆತು, ಪ್ಯಾಡ್ ಆರಸೂ ತ್ರಾಸ ಇಲ್ಲ,” ಅಂತ ಒಂದು ದಿನ ಊಟಕ್ಕೆ ಕೂತು ಅಂದ. ನಗಿಸಲು ಅಂದ. ನಾನು ತಾಟು ಬಿಟ್ಟು ಎದ್ದೆ.

ನನ್ನನ್ನು ಯಾರೂ ಕಳಿಸಲಿಲ್ಲ. ವೈನಿಯ ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತ್ತು. “ಕೈ ತೊಳಕೊಳ್ಳಾರದ ಕೆಲಸ ಮಾಡಿ ಮನಿ ಹಾಳ ಮಾಡಿದ್ರಿ,” ಅಂತ ಎರಡು ದಿನಕ್ಕೊಮ್ಮೆ ಆಡುತ್ತಿದ್ದಳು. ಅಣ್ಣ ತಲೆ ತಗ್ಗಿಸಿ ಉಣ್ಣುತ್ತಿದ್ದ. ನಾನು ಹೊರಗೆ ಪಾತ್ರೆ ತೊಳೆಯುತ್ತ ಕೇಳುತ್ತಿದ್ದೆ. ಅವನು ಆ ವಿಷಯ ಮತ್ತೆ ಎತ್ತಲಿಲ್ಲ. ಆದರೆ ಮುಂದಿನ ಖಂಡೆ ಪೂಜೆಗಳಲ್ಲಿ ಪಾನಾಗಳನ್ನು ತಾನೇ ತೊಳೆದು, ಒಣ ಅರಿವೆಯಿಂದ ಒರೆಸಿ, ಬರೀ ಹೂವಿಟ್ಟು ಪೂಜೆ ಮಾಡುತ್ತಿದ್ದ. ನಾನು ಹತ್ತಿರ ಹೋದರೆ, “ತಂಗೆವ್ವ, ನೀ ಒಳಗ ನೈವೇದ್ಯದ್ದ ನೋಡು,” ಅನ್ನುತ್ತಿದ್ದ. ಅಷ್ಟೇ.

ಹೇಳಬೇಕು ಅಂತ ಎಷ್ಟೋ ಸಲ ಅವನ ಹಾಸಿಗೆಯ ತನಕ ಹೋಗಿ ನೀರಿನ ತಂಬಿಗೆ ಇಟ್ಟು ಬಂದಿದ್ದೇನೆ… ಒಂದು ಮುಂಜಾನೆ ಕೆಲಸಕ್ಕೆ ಹೊರಟವನು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ವೈನಿ ಮತ್ತು ನಾನು ಹೊಟ್ಟೆಪಾಡಿಗೆ ಬನಹಟ್ಟಿಗೆ ಬಂದೆವು.

ಆ ಎಣ್ಣೆಯ ಡಬ್ಬಿ ಬಂದ ದಿನ ನಾನು ವೈನಿಗೆ ಎಲ್ಲ ಹೇಳಿದೆ. ಕೊನೆಗೆ ಕೇಳಿದಳು.

“ಅವರಿಗಿ ಗೊತ್ತಿತ್ತೇನ?”

“ಗೊತ್ತಿತ್ತು. ಮೂಸಿ ನೋಡಿದ.”

“ಆರ ವರ್ಷ ನಾ ಆಡಿದ್ದೆಲ್ಲಾ ಕೇಳ್ಕೋಂತ ಕುಂತ್ರಲ್ಲ… ನನ್ನ ಮುಂದರ ಒಂದ ಮಾತ ಹೇಳಬಾರದಿತ್ತಾ?”

ನನಗೆ ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಎರಡು ದಿನ ರೊಟ್ಟಿ ಬಡಿದು ನನ್ನ ತಾಟು ಇಟ್ಟು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ಮೂರನೆಯ ದಿನ, “ಸೀರಿ ಉಟಕೋ. ಮಹಾಲಿಂಗಪುರಕ್ಕ ಹೋಗೂನು,” ಅಂದಳು.

ಸಾಹುಕಾರ ಅಡತಿಯಲ್ಲಿ ಬಲಗಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿ ಕೂತಿದ್ದ. ತಲೆ ಬೆಳ್ಳಗಾಗಿತ್ತು. ಹಮಾಲರು ಬೆಲ್ಲ ತೂಗುತ್ತಿದ್ದರು. ನಾನು ಅಂಗಡಿಯ ನಡುವೆ ನಿಂತು ಹೇಳಿದೆ. ನನ್ನಿಂದ ನಿಮ್ಮ ಕಾಲು ಹೋಯಿತು ಅಂತಲೂ ಹೇಳಿದೆ. ತಕ್ಕಡಿ ನಿಂತಿತು. ಅವನು ತನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡ.

“ಅವತ್ತ ಮೊದಲಿನ ಸರತಿ ಒತ್ತಿದಾಗನ ಜಾರಿದಂಗ ಆಗಿತ್ತು. ಹೊಸಾವು, ಹೊಂದ್ಲಿ ಅಂದ್ಕೊಂಡೆ,” ಅಂದ. ಆಮೇಲೆ, “ಹಂಗಾರ ಪ್ಯಾಡ್ ಚಲೋ ಇದ್ದೂ?” ಅಂತ ಕೇಳಿದ.

ನಾನು ಉತ್ತರ ಕೊಡುವ ಮುಂಚೆ ವೈನಿ ಮುಂದೆ ಬಂದಳು. “ಪ್ಯಾಡ್ ಚಲೋ ಇದ್ದೂರಿ. ಕೈನೂ ಚಲೋ ಇತ್ರಿ,” ಅಂದಳು. ಹಮಾಲರಿಗೂ ಕೇಳುವ ಹಾಗೆ ಅಂದಳು.

“ಇನ್ನ ಮ್ಯಾಲ ಹಂಗ ಹೇಳ್ತೇನವಾ, ಬಂದಾವ್ರಿಗೆಲ್ಲಾ,” ಅಂದ ಸಾಹುಕಾರ. ಹೇಳುತ್ತಾನೆ, ನನಗೆ ನಂಬಿಕೆ ಇದೆ. ಆದರೆ ಇನ್ನು ಕೇಳಿ ಯಾರು ಗಾಡಿ ತಂದಾರು? ಶೆಡ್ಡಿದ್ದ ಜಾಗದಲ್ಲಿ ಈಗ ಮೊಬೈಲಿನ ಅಂಗಡಿ ಇದೆ.

ಹೋದ ಅಮಾವಾಸ್ಯೆಗೆ ವೈನಿ ನನ್ನನ್ನು ಬೀಳಗಿಯ ಕಡೆ ಕರಕೊಂಡು ಹೋದಳು. ಪುನರ್ವಸತಿ ಕೇಂದ್ರದ ಆಚೆ, ಹಿನ್ನೀರು ಕಾಣುವ ದಿಬ್ಬದ ಮೇಲೆ ಅಣ್ಣನನ್ನು ಮಣ್ಣು ಮಾಡಿದ್ದೇವೆ. ಸುತ್ತ ಜಾಲಿ ಬೆಳೆದಿದೆ. ವೈನಿ ಕಸ ತೆಗೆದು, ನೀರು ಚಿಮುಕಿಸಿ, ಎಡೆ ಇಟ್ಟಳು. ನಾನು ಕೈ ಮುಗಿದು ಕಣ್ಣು ಮುಚ್ಚಿ ನಿಂತೆ. ಅವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು.

“ಮನಸಿನ್ಯಾಗ ಅಂದ್ರ ಆಗಂಗಿಲ್ಲ. ಅವರು ಬಾಯಿ ಬಿಟ್ಟ ಕೇಳ್ಯಾರ. ನೀನೂ ಬಾಯಿ ಬಿಟ್ಟ ಹೇಳು.”

ನೀರಿನ ಕಡೆಯಿಂದ ಗಾಳಿ ಬರುತ್ತಿತ್ತು, ಮೊದಲ ಸಲ ಅಂದದ್ದು ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಜೋರಾಗಿ ಹೇಳಿದೆ.

“ಹೌದಣ್ಣ, ನಾನ ಹಚ್ಚಿದ್ದೆ ಎಣ್ಣಿ. ನಿನ್ನ ಮಾರಿ ನೋಡಿ ಸುಳ್ಳ ಹೇಳಿದೆ. ತಪ್ಪ ನಂದು. ನನ್ನ ತಪ್ಪ ಹೊಟ್ಟ್ಯಾಗ ಹಾಕೋ ಅಣ್ಣಾ.”